ಸಿಮ್ಯುಲೇಟರ್‌ಗೆ ಅಸಲಿ ಡೀಸೆಲ್ ಇಂಜಿನ್: ಹುಡುಕುವುದು ಹೇಗೆ, ಪರೀಕ್ಷಿಸುವುದು ಹೇಗೆ?

ಬೆಂಗಳೂರು–ತುಮಕೂರು ಹಳಿಯ ಮೇಲೆ ಈಗ ಕರೆಂಟಿನ ತಂತಿ ಬಂದಿದೆ. ಹೊಗೆ ಉಗುಳುತ್ತಾ ಕ್ಯಾತ್ಸಂದ್ರ ದಾಟುವ ಡೀಸೆಲ್ ಇಂಜಿನ್ ಮತ್ತೆ ನೋಡಬೇಕು ಅನ್ನಿಸಿದರೆ ಮನೆಯ ಕಂಪ್ಯೂಟರ್ ಒಂದು ದಾರಿ. ರೈಲು ಓಡಿಸುವ ಆಟ, ಅಂದರೆ ಸಿಮ್ಯುಲೇಟರ್, ಹುಡುಕುವುದು ಕಷ್ಟವಲ್ಲ. ಓಪನ್ ರೈಲ್ಸ್ ಪೂರ್ತಿ ಉಚಿತ. 2001ರ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್‌ಗೆ ಮಾಡಿದ ಇಂಜಿನ್‌ಗಳನ್ನೂ ಓಡಿಸುತ್ತದೆ. ಟ್ರೇನ್ಜ್ ಕೂಡ ಇದೆ. ತಲೆನೋವು ಇರುವುದು ಇಂಜಿನ್ ಮಾಡೆಲ್‌ನಲ್ಲಿ. ಮೇಲೆ ಭಾರತೀಯ ರೈಲ್ವೆಯ ಬಣ್ಣ, ಒಳಗೆ ಯಾವುದೋ ಅಮೆರಿಕದ ಗೂಡ್ಸ್ ಇಂಜಿನ್. ಇಂಥವು ಬೇಕಾದಷ್ಟು ಸಿಗುತ್ತವೆ.

ಮೊದಲು ಊರು, ವರ್ಷ ಗೊತ್ತು ಮಾಡಿ

"ಒಳ್ಳೆ ಡೀಸೆಲ್ ಇಂಜಿನ್ ಬೇಕು" ಅಂತ ಸುಮ್ನೆ ಹುಡುಕಬೇಡಿ. ಯಾವ ಹಾದಿ, ಯಾವ ಕಾಲ ಅನ್ನುವುದನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. 1985ರ ತುಮಕೂರು ಬೇಕಾ? ಆಗ ಇಲ್ಲಿದ್ದದ್ದು ಮೀಟರ್ ಗೇಜ್, ಅಂದರೆ ಎರಡು ಹಳಿಯ ನಡುವೆ ಒಂದು ಮೀಟರ್ ಅಂತರ. ಅಗಲ ಹಳಿಯ (ಬ್ರಾಡ್ ಗೇಜ್) ಡಬ್ಲ್ಯುಡಿಎಂ-2 ಇಂಜಿನ್ ಎಷ್ಟೇ ಚೆಂದದ್ದು ತಂದರೂ ಆ ಹಳಿಗೆ ಅದು ಕೂರುವುದಿಲ್ಲ. ನಿಮಗೆ ಬೇಕಾದ್ದು ವೈಡಿಎಂ-4. ಆರು ಸಿಲಿಂಡರ್, 72 ಟನ್ ತೂಕದ ಪುಟ್ಟ ಇಂಜಿನ್ ಅದು. ಹಳೆಯ ಕೋಲಾರ–ಚಿಕ್ಕಬಳ್ಳಾಪುರ ಹಾದಿಯಾದರೆ ಇನ್ನೂ ಕಿರಿದು, ಎರಡೂವರೆ ಅಡಿಯ ನ್ಯಾರೋ ಗೇಜ್. ಆ ಹಾದಿ 2013ರಲ್ಲಿ ಬ್ರಾಡ್ ಗೇಜ್ ಆಗಿ ಶುರುವಾದ ಮೇಲೆ ಜನ ಹತ್ತಿದ್ದು ಡೆಮು ಗಾಡಿಯನ್ನು, ಅಂದರೆ ಬೇರೆ ಇಂಜಿನ್ ಬೇಡದೆ ತಾನೇ ಓಡುವ ಡೀಸೆಲ್ ಗಾಡಿಯನ್ನು. ಹಾಗಾಗಿ ಅಲ್ಲಿಗೆ ದೊಡ್ಡ ಇಂಜಿನ್ ಹುಡುಕುವ ಮೊದಲು ಒಂದು ಒಳ್ಳೆ ಡೆಮು ಹುಡುಕುವುದು ಮೇಲು.

ಹೆಸರಿನ ಅಕ್ಷರಗಳೇ ಅರ್ಧ ಕೆಲಸ ಮಾಡಿಕೊಡುತ್ತವೆ. ಮೊದಲಿನ ಡಬ್ಲ್ಯು ಅಂದರೆ ಬ್ರಾಡ್ ಗೇಜ್, ವೈ ಅಂದರೆ ಮೀಟರ್, ಜೆಡ್ ಅಂದರೆ ಎರಡೂವರೆ ಅಡಿ. ನಂತರದ ಡಿ ಡೀಸೆಲ್‌ಗೆ. ಮೂರನೆಯದು ಕೆಲಸ: ಎಂ ಎಲ್ಲದಕ್ಕೂ, ಜಿ ಗೂಡ್ಸ್‌ಗೆ, ಪಿ ಪ್ಯಾಸೆಂಜರ್‌ಗೆ, ಎಸ್ ಶಂಟಿಂಗ್‌ಗೆ.

ಡೌನ್‌ಲೋಡ್ ಮಾಡುವ ಮುಂಚೆ

ಮಾಡೆಲ್ ಜೊತೆ ರೀಡ್‌ಮಿ ಫೈಲ್ ಇದೆಯಾ ನೋಡಿ. ಅಚ್ಚು (ಇಂಜಿನ್ನಿನ ಆಕಾರ) ಯಾರು ಮಾಡಿದ್ದು, ಬಣ್ಣ ಯಾರು ಹಚ್ಚಿದ್ದು, ಕ್ಯಾಬ್ (ಚಾಲಕ ಕೂರುವ ಕೋಣೆ) ಎಲ್ಲಿಂದ ತಂದಿದ್ದು ಅಂತ ಅದರಲ್ಲಿ ಬರೆದಿದ್ದರೆ ಅರ್ಧ ನಂಬಬಹುದು. ಒಂದೇ ಅಚ್ಚಿಗೆ, ಇಂಜಿನ್ ಇಟ್ಟು ನೋಡಿಕೊಳ್ಳುವ ಹತ್ತಾರು ಶೆಡ್‌ಗಳ ಬಣ್ಣ ಬಳಿದು ಹತ್ತಾರು ಇಂಜಿನ್ ಅಂತ ಕೊಡುವುದು ಮಾಮೂಲು. ಅದು ತಪ್ಪೇನಲ್ಲ. ಆದರೆ ಅಚ್ಚು ಒಂದು ಸಲ ಸರಿಯಿಲ್ಲ ಅಂತ ಗೊತ್ತಾದರೆ ಉಳಿದವನ್ನೂ ಬಿಟ್ಟುಬಿಡಿ, ಡೇಟಾ ಉಳಿಯುತ್ತದೆ. ಟ್ರೇನ್ಜ್‌ನಲ್ಲಿ ಆದರೆ ಇಂಜಿನ್‌ಗೆ ಬೇಕಾದ ಉಪಭಾಗಗಳೆಲ್ಲ ಬಂದಿವೆಯಾ ಅಂತ ಕಂಟೆಂಟ್ ಮ್ಯಾನೇಜರ್‌ನಲ್ಲಿ ನೋಡಿ. ದುಡ್ಡು ಕೊಟ್ಟು ಕೊಳ್ಳಬೇಕಾದ ಮಾಡೆಲ್ ಎಲ್ಲೋ ಬಿಟ್ಟಿ ಸಿಕ್ಕರೆ, ಅದರಲ್ಲೂ ಇನ್‌ಸ್ಟಾಲರ್ ರೂಪದಲ್ಲಿದ್ದರೆ, ಮುಟ್ಟಬೇಡಿ. ಕದ್ದ ಮಾಲು ಅನ್ನುವುದು ಒಂದು, ವೈರಸ್ ಭಯ ಇನ್ನೊಂದು.

ಫೋಟೊ ಪಕ್ಕ ಇಟ್ಟು ನೋಡಿ

ಇದೇ ಮುಖ್ಯ ಹಂತ, ನಿಧಾನ ಮಾಡಿ. ಅಸಲಿ ಇಂಜಿನ್ನಿನ ಪಕ್ಕದಿಂದ ತೆಗೆದ ಫೋಟೊ ಒಂದು ಬೇಕು. ಮುಂದಿನಿಂದ ತೆಗೆದದ್ದು ಚೆಂದ ಕಾಣುತ್ತದೆ, ಪ್ರಯೋಜನ ಕಮ್ಮಿ. ಕಣ್ಣು ಬಣ್ಣದ ಮೇಲೆ ಹೋಗುತ್ತದೆ ಅಲ್ವಾ, ಅದನ್ನು ಬಿಟ್ಟು ಚಕ್ರ ನೋಡಿ. ಡಬ್ಲ್ಯುಡಿಎಂ-2ರಲ್ಲಿ ಮೂರು ಮೂರು ಜೋಡಿ ಚಕ್ರಗಳ ಎರಡು ಗುಂಪು. ಒಂದೊಂದು ಗುಂಪಿನಲ್ಲೂ ಚಕ್ರಗಳ ನಡುವಿನ ಅಂತರ ಸಮ ಇರುವುದಿಲ್ಲ; ಒಂದು ಕಡೆ ಹತ್ತಿರ, ಒಂದು ಕಡೆ ದೂರ. ಮಾಡೆಲ್‌ನಲ್ಲಿ ಮೂರೂ ಸಮವಾಗಿ ಕೂತಿದ್ದರೆ ಮಾಡಿದವರು ಅಂದಾಜಿನಲ್ಲಿ ಎಳೆದಿದ್ದಾರೆ ಅಂತಲೇ ಅರ್ಥ. ಡಬ್ಲ್ಯುಡಿಎಂ-3ಡಿಯಲ್ಲಿ ಚಕ್ರದ ಚೌಕಟ್ಟೇ ಬೇರೆ ಥರ. ಡಬ್ಲ್ಯುಡಿಎಂ-2ರ ಚೌಕಟ್ಟಿನ ಮೇಲೆ 3ಡಿ ಅಂತ ಬರೆದು ಬಿಟ್ಟಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಆಮೇಲೆ ಉದ್ದ. ಡಬ್ಲ್ಯುಡಿಎಂ-2 ಬಫರಿನಿಂದ ಬಫರಿಗೆ (ಎರಡು ತುದಿಯ ಗುದ್ದು ತಡೆಯುವ ತಟ್ಟೆಗಳ ನಡುವೆ) ಸುಮಾರು 17.1 ಮೀಟರ್. ಹಳೆಯ ನೀಲಿ ಐಸಿಎಫ್ ಡಬ್ಬಿ (ಚೆನ್ನೈ ಕಾರ್ಖಾನೆಯ ಮಾದರಿ) ಸುಮಾರು 22.3 ಮೀಟರ್. ಆಟದಲ್ಲಿ ಎರಡನ್ನೂ ಅಕ್ಕಪಕ್ಕದ ಹಳಿಯಲ್ಲಿ, ಒಂದು ತುದಿ ಸಮ ಮಾಡಿ ನಿಲ್ಲಿಸಿ. ಇನ್ನೊಂದು ತುದಿಯಲ್ಲಿ ಡಬ್ಬಿ ಐದು ಮೀಟರ್ ಮುಂದೆ ಚಾಚಿಕೊಳ್ಳಬೇಕು. ಇಂಜಿನ್ನೇ ಡಬ್ಬಿಯಷ್ಟು ಉದ್ದ ಕಂಡರೆ ಬೇರೆ ಮಾಡೆಲ್ ನೋಡಿಕೊಳ್ಳಿ.

ನಂಬರನ್ನೂ ಓದಿ. ಡಬ್ಲ್ಯುಡಿಜಿ-4 ಸರಣಿ 12001ರಿಂದ, ಡಬ್ಲ್ಯುಡಿಪಿ-4 ಸರಣಿ 20000ದ ಆಸುಪಾಸಿನಿಂದ ಶುರು. ಶೆಡ್ ಹೆಸರೂ ತಾಳೆಯಾಗಬೇಕು. ನಮ್ಮ ಕಡೆ ಕೃಷ್ಣರಾಜಪುರ ಬಹಳ ಕಾಲ (ಡಬ್ಲ್ಯುಡಿಎಂ-2ರಂಥ, ಅಮೆರಿಕದ ಆಲ್ಕೊ ಕಂಪನಿ ವಿನ್ಯಾಸದ) ಆಲ್ಕೊ ಇಂಜಿನ್‌ಗಳ ಮನೆ, ಹುಬ್ಬಳ್ಳಿ ಡಬ್ಲ್ಯುಡಿಜಿ-4ರ ಮನೆ. ಎರಡು ತುದಿಗೂ ಕ್ಯಾಬ್ ಇರುವುದು ಡಬ್ಲ್ಯುಡಿಪಿ-4ಡಿ, ಡಬ್ಲ್ಯುಡಿಜಿ-4ಡಿಗಳಲ್ಲಿ. ಡಿ ಇಲ್ಲದ ಡಬ್ಲ್ಯುಡಿಪಿ-4ಕ್ಕೆ ಎರಡು ಕ್ಯಾಬ್ ಕೊಟ್ಟಿದ್ದರೆ ಹೆಸರು ತಪ್ಪು.

ಹೊಟ್ಟೆಯೊಳಗೆ ಏನಿದೆ?

ಓಪನ್ ರೈಲ್ಸ್‌ನ ಟ್ರೇನ್‌ಸೆಟ್ ಫೋಲ್ಡರ್‌ನಲ್ಲಿ ಪ್ರತಿ ಇಂಜಿನ್‌ಗೂ ಒಂದು ಡಾಟ್ ಇಎನ್‌ಜಿ ಫೈಲ್ ಇರುತ್ತದೆ. ಮೊದಲು ಅದರ ಕಾಪಿ ಬೇರೆ ಕಡೆ ಇಟ್ಟುಕೊಂಡು, ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಹೆದರಬೇಡಿ, ಬರೀ ಅಕ್ಷರ, ಅಂಕಿ. ಮಾಸ್, ಮ್ಯಾಕ್ಸ್‌ಪವರ್, ಮ್ಯಾಕ್ಸ್‌ಫೋರ್ಸ್ ಅನ್ನುವ ಸಾಲು ಹುಡುಕಿ.

ಡಬ್ಲ್ಯುಡಿಎಂ-2 ಆದರೆ ತೂಕ 112.8 ಟನ್. ಇಂಜಿನ್ 2600 ಅಶ್ವಶಕ್ತಿ, 0.746ರಿಂದ ಗುಣಿಸಿದರೆ ಸುಮಾರು 1940 ಕಿಲೋವ್ಯಾಟ್. ಚಕ್ರಕ್ಕೆ ಮುಟ್ಟುವುದು ಅದಕ್ಕಿಂತ ಕಮ್ಮಿಯೇ. ಹೊರಡುವಾಗಿನ ಎಳೆತ ಸುಮಾರು 30 ಟನ್, ಅಂದರೆ 300 ಕಿಲೋನ್ಯೂಟನ್ ಆಸುಪಾಸು. ಫೈಲಿನಲ್ಲಿ 3000 ಕಿಲೋವ್ಯಾಟ್ ಕಂಡರೆ ಯಾರೋ ಡಬ್ಲ್ಯುಡಿಜಿ-4ರ ಅಂಕಿ ತಂದು ಅಂಟಿಸಿದ್ದಾರೆ. 4000 ಅಶ್ವಶಕ್ತಿ, 126 ಟನ್ ಅದರ ಲೆಕ್ಕ. ಡಬ್ಲ್ಯುಡಿಎಂ-3ಎ ಆದರೆ 3100 ಅಶ್ವಶಕ್ತಿ.

ಬ್ರೇಕ್ ಸಾಲನ್ನು ಬಹಳ ಜನ ನೋಡುವುದೇ ಇಲ್ಲ. ನಿಮ್ಮ ಆಟದ ಕಾಲ 1970 ಅಂದುಕೊಳ್ಳಿ. ಆಗಿನ ಗಾಡಿಗಳಿಗೆ ಇದ್ದದ್ದು ವ್ಯಾಕ್ಯೂಮ್ ಬ್ರೇಕ್. ಫೈಲಿನಲ್ಲಿ ಏರ್ ಬ್ರೇಕ್ ಇದ್ದರೆ ಗಾಡಿ ಗುಬ್ಬಿ ಸ್ಟೇಷನ್ನಿನಲ್ಲಿ ನಿಲ್ಲುವ ರೀತಿಯೇ ಬೇರೆಯಾಗುತ್ತದೆ. ಅಂಕಿ ತಿದ್ದಿದರೆ, ಫೈಲ್ ಮೊದಲು ಯಾವ ಎನ್‌ಕೋಡಿಂಗ್‌ನಲ್ಲಿತ್ತೋ ಅದರಲ್ಲೇ ಸೇವ್ ಮಾಡಿ. ಸಾಮಾನ್ಯವಾಗಿ ಅದು ಯೂನಿಕೋಡ್, ಅಂದರೆ ಯುಟಿಎಫ್-16.

ಕಿವಿಗೂ ಕೆಲಸ ಕೊಡಿ

ನನ್ನ ಮಟ್ಟಿಗೆ ಸದ್ದು ಸರಿಯಿಲ್ಲದ ಮಾಡೆಲ್ ಎಷ್ಟು ಚೆಂದ ಇದ್ದರೂ ದಂಡ. ಆಲ್ಕೊ ಇಂಜಿನ್ ನಾಲ್ಕು ಸ್ಟ್ರೋಕಿನದು. ನಿಂತಲ್ಲಿ ನಿಮಿಷಕ್ಕೆ 400 ಸುತ್ತು. ಗುಡುಗುಡು ಅನ್ನುವ ಒಂದೊಂದು ಬಡಿತವೂ ಬೇರೆ ಬೇರೆ ಕೇಳಬೇಕು. ವೇಗ ಏರಿಸುವ ಹಿಡಿಯ ಎಂಟನೇ ಮೆಟ್ಟಿಲಿಗೆ, ಅಂದರೆ ಎಂಟನೇ ನಾಚ್‌ಗೆ ಹೋದಾಗ 1000 ಸುತ್ತು, ಜೊತೆಗೆ ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೊದ ಸಿಳ್ಳೆ. ಡಬ್ಲ್ಯುಡಿಜಿ-4, ಡಬ್ಲ್ಯುಡಿಪಿ-4ಗಳ ಇಎಂಡಿ (ಇನ್ನೊಂದು ಅಮೆರಿಕನ್ ಕಂಪನಿ) ಇಂಜಿನ್ ಎರಡು ಸ್ಟ್ರೋಕಿನದು. ಅದು ಏಕನಾದದಲ್ಲಿ ಗುಂಯ್‌ಗುಡುತ್ತದೆ. ಎರಡಕ್ಕೂ ಒಂದೇ ಸೌಂಡ್ ಫೈಲ್ ಹಾಕಿದವರಿದ್ದಾರೆ.

ಹೊಗೆಯೂ ಇದರ ಜೊತೆಗೇ ಬರುತ್ತದೆ. ಆಲ್ಕೊದಲ್ಲಿ ನಾಚ್ ಸರಕ್ಕನೆ ಏರಿಸಿದರೆ ಡೀಸೆಲ್ ತಕ್ಷಣ ಜಾಸ್ತಿ ಸುರಿಯುತ್ತದೆ, ಟರ್ಬೊ ಗಾಳಿ ತುಂಬುವುದು ತಡ. ಅದಕ್ಕೇ ಆ ಕಪ್ಪು ಹೊಗೆ. ಟರ್ಬೊ ವೇಗ ಹಿಡಿದ ಮೇಲೆ ಹೊಗೆ ತೆಳುವಾಗಬೇಕು. ದಾರಿಯುದ್ದಕ್ಕೂ ಕಪ್ಪಗೆ ಉಗುಳುವ ಮಾಡೆಲ್ ನೋಡಲು ಗಮ್ಮತ್ತು, ಆದರೆ ಲೆಕ್ಕ ತಪ್ಪು.

ಕೊನೆಗೆ 18 ಡಬ್ಬಿ ಕಟ್ಟಿ ತುಮಕೂರಿನಿಂದ ಹೊರಡಿಸಿ. ಒಂಟಿ ಡಬ್ಲ್ಯುಡಿಎಂ-2 ಏದುಸಿರು ಬಿಡುತ್ತಾ ನಿಧಾನಕ್ಕೆ ವೇಗ ಹಿಡಿಯಬೇಕು. ಕರೆಂಟಿನ ಮೆಮು ಗಾಡಿ ಥರ ಚಂಗನೆ ಹೊರಟುಬಿಟ್ಟರೆ ಡಾಟ್ ಇಎನ್‌ಜಿ ಫೈಲನ್ನು ಇನ್ನೊಂದು ಸಲ ತೆರೆಯಿರಿ.