ಒಂದೇ ಆ್ಯಂಟಿಬಾಡಿ, ಮೂರು ಟ್ಯೂಬ್: ಸಿಟಿಎಲ್ಎ-4 ಓಡಾಟವನ್ನು ಅಳೆಯುವುದು ಹೇಗೆ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವ ಮಾತು: ಟಿ ಕೋಶದ (ರೋಗನಿರೋಧಕ ಬಿಳಿ ರಕ್ತಕೋಶವೊಂದರ) ಮೇಲ್ಮೈಯನ್ನಷ್ಟೇ ಸ್ಟೇನ್ ಮಾಡಿ, ಅಂದರೆ ಬಣ್ಣ ಹಚ್ಚಿದ ಆ್ಯಂಟಿಬಾಡಿ ಅಂಟಿಸಿ ನೋಡಿ, ಅದಕ್ಕೆ ಕಡಿವಾಣ ಹಾಕುವ ಸಿಟಿಎಲ್ಎ-4 ಎಂಬ ಪ್ರೋಟೀನ್ ಇದೆ, ಇಲ್ಲ ಎಂದು ತೀರ್ಮಾನಿಸಬೇಡಿ. ಯಾವ ಹೊತ್ತಿನಲ್ಲಿ ನೋಡಿದರೂ ಈ ಪ್ರೋಟೀನಿನ ಬಹುಪಾಲು ಕೋಶದ ಒಳಗೆ, ವೆಸಿಕಲ್ ಎಂಬ ಪೊರೆಯ ಪುಟ್ಟ ಚೀಲಗಳಲ್ಲಿ ಇರುತ್ತದೆ. ಮೇಲೆ ಬಂದದ್ದು ಕೆಲವೇ ನಿಮಿಷಗಳಲ್ಲಿ ಒಳಗೆ ಹೋಗುತ್ತದೆ, ಮತ್ತೆ ಬರುತ್ತದೆ.

ಈ ಓಡಾಟದಲ್ಲೇ ಅದರ ಕೆಲಸ ಅಡಗಿದೆ. ಟಿ ಕೋಶ ಪೂರ್ತಿ ಸಕ್ರಿಯವಾಗಲು ಅದರ ಮೇಲ್ಮೈಯ ಸಿಡಿ28 ಎಂಬ ಪ್ರೋಟೀನಿಗೆ ಎದುರಿನ ಕೋಶದ ಸಿಡಿ80 ಅಥವಾ ಸಿಡಿ86 ಎಂಬ ಪ್ರೋಟೀನ್ ಸಿಗಬೇಕು. ಸಿಟಿಎಲ್ಎ-4 ಅವೆರಡನ್ನೂ ಸಿಡಿ28ಗಿಂತ ಬಿಗಿಯಾಗಿ ಹಿಡಿಯುತ್ತದೆ. ಹಿಡಿದು ಸುಮ್ಮನಿರುವುದಿಲ್ಲ, ಎದುರಿನ ಕೋಶದಿಂದ ಅವನ್ನು ಕಿತ್ತು ತನ್ನ ಕೋಶದೊಳಕ್ಕೆ ಎಳೆದುಕೊಂಡು ಹೋಗುತ್ತದೆ ಎಂದು 2011ರಲ್ಲಿ ತೋರಿಸಲಾಯಿತು. ಆದ್ದರಿಂದ ಎಷ್ಟಿದೆ ಎನ್ನುವುದರ ಜೊತೆಗೆ ಎಷ್ಟು ಓಡಾಡುತ್ತಿದೆ ಎಂದೂ ಅಳೆಯಬೇಕು. ಅದಕ್ಕೆ ದುಬಾರಿ ಮೈಕ್ರೋಸ್ಕೋಪ್ ಬೇಕಿಲ್ಲ. ಫ್ಲೋ ಸೈಟೋಮೀಟರ್ (ಒಂದೊಂದೇ ಕೋಶದ ಬಣ್ಣದ ಬೆಳಕನ್ನು ಅಳೆಯುವ ಯಂತ್ರ), ಐಸ್ ಡಬ್ಬ ಮತ್ತು 37 ಡಿಗ್ರಿಯ ಇನ್‌ಕ್ಯುಬೇಟರ್ ಸಾಕು.

ರಕ್ತದಿಂದ ಫೈಕಾಲ್ ಎಂಬ ಸಾಂದ್ರ ದ್ರವದ ಮೇಲೆ ಬೇರ್ಪಡಿಸಿದ ಬಿಳಿ ಕೋಶಗಳನ್ನು, ಟಿ ಕೋಶಗಳನ್ನು ಪ್ರಚೋದಿಸುವ ಸಿಡಿ3–ಸಿಡಿ28 ಮಣಿಗಳ ಜೊತೆ ಒಂದು ರಾತ್ರಿ ಇಡಿ. ಉಳಿದ ಟಿ ಕೋಶಗಳನ್ನು ಹದ್ದಿನಲ್ಲಿಡುವ ರೆಗ್ಯುಲೇಟರಿ ಟಿ ಕೋಶಗಳಲ್ಲಿ ಸಿಟಿಎಲ್ಎ-4 ಯಾವಾಗಲೂ ಇರುತ್ತದೆ. ಆದರೆ ಪ್ರಚೋದನೆ ಸಿಕ್ಕಾಗ ಓಡಾಟ ಚೆನ್ನಾಗಿ ಕಾಣುತ್ತದೆ. ಬೆಳಗ್ಗೆ ಕೋಶಗಳನ್ನು ಮೂರು ಟ್ಯೂಬಿಗೆ ಹಂಚಿ, ಮೂರಕ್ಕೂ ಒಂದೇ ಆ್ಯಂಟಿಬಾಡಿ, ಒಂದೇ ಪ್ರಮಾಣ. ನಾನು ಬಳಸುವುದು ಸಿಟಿಎಲ್ಎ-4 ಹಿಡಿಯುವ, ಪಿಇ ಬಣ್ಣ ಹಚ್ಚಿದ ಬಿಎನ್‌ಐ3 ಎಂಬ ಆ್ಯಂಟಿಬಾಡಿ. ಎಫ್‌ಐಟಿಸಿ ಬಣ್ಣ ಬೇಡ, ಆಮ್ಲೀಯ ವೆಸಿಕಲ್ ಒಳಗೆ ಹೋದರೆ ಅದರ ಬೆಳಕು ಕುಗ್ಗುತ್ತದೆ.

ಮೊದಲ ಟ್ಯೂಬ್ ಐಸ್ ಮೇಲೆ, ಅರ್ಧ ಗಂಟೆ. ತಣ್ಣಗಿರುವಾಗ ಪೊರೆಯ ಸಾಗಾಟ ನಿಲ್ಲುವುದರಿಂದ ಆ ಕ್ಷಣ ಮೇಲ್ಮೈಯಲ್ಲಿ ಇದ್ದದ್ದು ಮಾತ್ರ ಸಿಗುತ್ತದೆ. ಬಫರ್ ಮೊದಲೇ ತಣ್ಣಗಿರಬೇಕು, ಸೆಂಟ್ರಿಫ್ಯೂಜ್ 4 ಡಿಗ್ರಿಗೆ ಇಳಿದಿರಬೇಕು. ಇಲ್ಲಿ ಆತುರಪಟ್ಟರೆ ಮುಂದಿನ ಎಲ್ಲ ಹೋಲಿಕೆಯೂ ಕೆಡುತ್ತದೆ.

ಎರಡನೆಯದು 37 ಡಿಗ್ರಿಯಲ್ಲಿ, ಒಂದರಿಂದ ಎರಡು ಗಂಟೆ. ಇದೇ ಇಡೀ ಪ್ರಯೋಗದ ಜೀವಾಳ. ಮೇಲೆ ಬಂದ ಪ್ರತಿ ಸಿಟಿಎಲ್ಎ-4 ಆ್ಯಂಟಿಬಾಡಿಯನ್ನು ಅಂಟಿಸಿಕೊಂಡೇ ಒಳಗೆ ಹೋಗುತ್ತದೆ. ಬಾಗಿಲಿಗೆ ಬಂದವರ ಹಣೆಗೆಲ್ಲ ಕುಂಕುಮ ಇಟ್ಟು ಕಳಿಸಿದ ಹಾಗೆ, ಒಳಗೆ ಹೋದಮೇಲೂ ಯಾರು ಬಂದಿದ್ದರು ಎಂದು ತಿಳಿಯುತ್ತದೆ. ಈ ಟ್ಯೂಬಿನ ಬೆಳಕು ಮೊದಲನೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು. ಇದಕ್ಕೆ ಸ್ಟೇನಿಂಗ್ ಬಫರ್ ಬದಲು ಬೆಚ್ಚಗಿನ ಕಲ್ಚರ್ ಮೀಡಿಯಂ ಹಾಕಿ. ಸ್ಟೇನಿಂಗ್ ಬಫರುಗಳಲ್ಲಿ ಸಾಮಾನ್ಯವಾಗಿ ಸೋಡಿಯಂ ಅಜೈಡ್ ಇರುತ್ತದೆ, ಅದು ಕೋಶದ ಶಕ್ತಿ ಉತ್ಪಾದನೆಯನ್ನೇ ತಡೆಯುತ್ತದೆ, ಓಡಾಟವೂ ನಿಲ್ಲುತ್ತದೆ. ಐಸೊಟೈಪ್ ಕಂಟ್ರೋಲನ್ನೂ (ಅದೇ ಬಗೆಯ, ಆದರೆ ಸಿಟಿಎಲ್ಎ-4 ಹಿಡಿಯದ ಆ್ಯಂಟಿಬಾಡಿ) ಇದೇ 37 ಡಿಗ್ರಿಯಲ್ಲಿ ಇಡಿ. ಕೋಶಗಳು ಸುತ್ತಲಿನ ದ್ರವವನ್ನು ಹಾಗೆಯೇ ಕುಡಿಯುತ್ತಿರುತ್ತವೆ, ಆ ಪಾಲನ್ನು ಕಳೆಯದೆ ಬಿಡಬಾರದು.

ಮೂರನೆಯದನ್ನು ಫಿಕ್ಸ್ ಮಾಡಿ (ಕೋಶಗಳನ್ನು ಇದ್ದಂತೆಯೇ ಗಟ್ಟಿಗೊಳಿಸಿ), ಪೊರೆಗೆ ತೂತು ಮಾಡಿ, ಆಮೇಲೆ ಆ್ಯಂಟಿಬಾಡಿ ಹಾಕಿ ಒಟ್ಟು ಪ್ರೋಟೀನ್ ನೋಡಿ. ರೆಗ್ಯುಲೇಟರಿ ಟಿ ಕೋಶಗಳನ್ನು ಗುರುತಿಸುವ ಸಿಡಿ4, ಸಿಡಿ25, ಸಿಡಿ127 ಬಣ್ಣಗಳನ್ನು ಮೂರೂ ಟ್ಯೂಬಿಗೆ ಐಸ್ ಮೇಲೆ ಹಾಕಿ. ಎರಡನೆಯದಕ್ಕೆ ಬಿಸಿಯ ಅವಧಿ ಮುಗಿದ ಮೇಲೆ, ಮೂರನೆಯದಕ್ಕೆ ಫಿಕ್ಸ್ ಮಾಡುವ ಮುನ್ನ. ಮೂರರಲ್ಲೂ ಒಂದೇ ಗೇಟ್ (ಬೇಕಾದ ಕೋಶಗಳನ್ನು ಆರಿಸುವ ಗಡಿ) ಎಳೆಯಿರಿ.

ಈಗ ಓದುವ ರೀತಿ. ಸಿಟಿಎಲ್ಎ-4ರ ಬಾಲದಲ್ಲಿ ವೈವಿಕೆಎಂ ಎಂಬ ಪುಟ್ಟ ಗುರುತಿದೆ. ಎಪಿ-2 ಎಂಬ ಪ್ರೋಟೀನ್ ಗುಂಪು ಅದನ್ನು ಹಿಡಿದು ಕೋಶದೊಳಕ್ಕೆ ಎಳೆಯುತ್ತದೆ. ಒಳಗೆ ಬಂದದ್ದನ್ನು ನಾಶವಾಗದಂತೆ ಕಾಯುವುದು ಎಲ್ಆರ್‌ಬಿಎ ಎಂಬ ಇನ್ನೊಂದು ಪ್ರೋಟೀನ್. ಅದಿಲ್ಲದ ಮಕ್ಕಳಲ್ಲಿ ಸಿಟಿಎಲ್ಎ-4 ಮೇಲಕ್ಕೆ ಮರಳುವ ಬದಲು ಕೋಶದ ಜೀರ್ಣಚೀಲವಾದ ಲೈಸೋಸೋಮ್ ಸೇರಿ ಕರಗುತ್ತದೆ. ಜೀನ್ ಸರಿಯಿದ್ದರೂ ಪ್ರೋಟೀನ್ ಉಳಿಯದು, ಟಿ ಕೋಶಗಳಿಗೆ ಕಡಿವಾಣ ತಪ್ಪಿ ಕರುಳು, ಶ್ವಾಸಕೋಶ, ರಕ್ತಕೋಶಗಳ ಮೇಲೆ ದಾಳಿಯಾಗುತ್ತದೆ. 2015ರಲ್ಲಿ ಇದು ಸ್ಪಷ್ಟವಾಯಿತು. ಅಂಥ ರೋಗಿಗಳ ಕೋಶಗಳಿಗೆ ಲೈಸೋಸೋಮನ್ನು ತಡೆಯುವ ಕ್ಲೋರೋಕ್ವಿನ್ ಹಾಕಿದಾಗ ಸಿಟಿಎಲ್ಎ-4 ಏರಿತು. ಸಿಟಿಎಲ್ಎ-4ರ ಹೊರಭಾಗವನ್ನೇ ಔಷಧವಾಗಿಸಿದ ಅಬಟಾಸೆಪ್ಟ್ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. ಮಲೇರಿಯಾಕ್ಕೆ ಕೊಡುವ ಮಾತ್ರೆಯೊಂದು ವೆಸಿಕಲ್‌ಗಳ ದಾರಿ ತಪ್ಪಿರುವುದನ್ನು ತೋರಿಸಿಕೊಟ್ಟಿತಲ್ಲ, ನನಗೆ ಈ ಕ್ಷೇತ್ರದ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿಂದ.

ಹಾಗಾಗಿ ಮೂರನೆಯ ಟ್ಯೂಬಿನಲ್ಲಿ ಒಟ್ಟು ಪ್ರಮಾಣ ಕಡಿಮೆ ಕಂಡರೆ ಅಲ್ಲಿಗೇ ಬಿಡಬೇಡಿ. ಅದೇ ಕೋಶಗಳ ಇನ್ನೊಂದು ಪಾಲಿಗೆ ಲೈಸೋಸೋಮನ್ನು ತಡೆಯುವ ಬಫಿಲೋಮೈಸಿನ್ ಅಥವಾ ಕ್ಲೋರೋಕ್ವಿನ್ ಹಾಕಿ ಕೆಲವು ಗಂಟೆ ಇಟ್ಟು ಮತ್ತೆ ಅಳೆಯಿರಿ, ಪಕ್ಕದಲ್ಲಿ ಆರೋಗ್ಯವಂತರೊಬ್ಬರ ಕೋಶಗಳೂ ಇರಲಿ. ಆರೋಗ್ಯವಂತರಲ್ಲೂ ಸ್ವಲ್ಪ ಏರುತ್ತದೆ. ಅದಕ್ಕಿಂತ ಬಹಳ ಏರಿದರೆ ತಯಾರಿಕೆ ನಡೆಯುತ್ತಿದೆ, ನಷ್ಟ ಸಾಗಾಟದಲ್ಲಿದೆ ಎಂದು ಅನುಮಾನಿಸಿ, ಎಲ್ಆರ್‌ಬಿಎ ಪ್ರೋಟೀನ್ ಮತ್ತು ಜೀನ್ ಪರೀಕ್ಷೆಗೆ ಕಳಿಸಿ. ಏರದಿದ್ದರೆ ಸಿಟಿಎಲ್ಎ-4 ಜೀನನ್ನೇ ಮೊದಲು ಓದಿಸಿ.