ಹುದ್ದೆ ಬಿಡುವ ಮೊದಲು ನಾನು ಮಾಡಿಕೊಂಡ ಸಿದ್ಧತೆ

ಸಚಿವಾಲಯಕ್ಕೆ ಕಿರಿಯ ಸಹಾಯಕನಾಗಿ ಸೇರಿ, ಬಹುಮಹಡಿ ಕಟ್ಟಡದಲ್ಲೂ ವಿಕಾಸಸೌಧದಲ್ಲೂ ದುಡಿದು ಶಾಖಾಧಿಕಾರಿಯಾಗಿ ನಿವೃತ್ತನಾದವನು ನಾನು. 2008ರಲ್ಲಿ ರಾಜ್ಯ ಸರ್ಕಾರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದಾಗಲೇ ನನ್ನ ಸೇವೆಯ ಕೊನೆಯ ದಿನ ಯಾವುದೆಂದು ಲೆಕ್ಕ ಹಾಕಿಟ್ಟಿದ್ದೆ. ಆದರೆ ಕೆಲವು ಹಿರಿಯ ಸಹೋದ್ಯೋಗಿಗಳು ನಿವೃತ್ತರಾದ ಮೇಲೂ ಏನಾದರೊಂದು ನೆಪ ಹೇಳಿಕೊಂಡು ಶಾಖೆಗೆ ಬಂದು, ತಮ್ಮ ಹಳೆಯ ಮೇಜಿನ ಎದುರು ಸಂದರ್ಶಕರ ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂರುವುದನ್ನು ಕಂಡಿದ್ದರಿಂದ, ಪಿಂಚಣಿ ಕಾಗದಗಳ ಜೊತೆಗೆ ನನ್ನನ್ನೂ ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಬೇಕೆನಿಸಿತು.

ಕಾಗದಪತ್ರದ ಕೆಲಸವೇ ಸುಲಭದ್ದು. ನೌಕರನ ಇಡೀ ಸೇವೆಯ ವಿವರ ದಾಖಲಾಗುವ ಸೇವಾ ಪುಸ್ತಕವನ್ನು ತರಿಸಿಕೊಂಡು, ವೇತನ ಬಡ್ತಿ, ಗರಿಷ್ಠ 300 ದಿನಗಳವರೆಗೆ ನಗದೀಕರಿಸಬಹುದಾದ ಗಳಿಕೆ ರಜೆಯ ಲೆಕ್ಕ, ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಪಾಲಿಸಿ, ನಾಮನಿರ್ದೇಶನ ಎಲ್ಲವನ್ನೂ ಪುಟಪುಟವಾಗಿ ನೋಡಿ, ಬಿಟ್ಟುಹೋಗಿದ್ದ ನಮೂದುಗಳನ್ನು ದೃಢೀಕರಿಸಿಕೊಂಡೆ. ಮಹಾಲೇಖಪಾಲರ ಕಚೇರಿಗೆ ಹೋದ ಪಿಂಚಣಿ ಪ್ರಸ್ತಾವ ಆಕ್ಷೇಪಣೆಯೊಂದಿಗೆ ಮರಳುವುದು ಹೆಚ್ಚಾಗಿ ಇಂಥ ಖಾಲಿ ಜಾಗಗಳಿಂದಲೇ. (2006ರ ಏಪ್ರಿಲ್ 1 ಮತ್ತು ಆನಂತರ ಸೇರಿದವರಲ್ಲಿ ಹೆಚ್ಚಿನವರು ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ ವ್ಯಾಪ್ತಿಗೆ ಬರುವುದರಿಂದ ಅವರ ಕಾಗದಗಳೇ ಬೇರೆ.)

ನನ್ನ ಸೇವಾ ಪುಸ್ತಕದಲ್ಲಿದ್ದುದು ಹೆಚ್ಚಾಗಿ ಬಡ್ತಿ, ವರ್ಗಾವಣೆ, ಹೆಚ್ಚುವರಿ ಪ್ರಭಾರಗಳ ಸಾಲುಗಳು. ಕಡತವನ್ನು ಪೂರ್ತಿ ಓದಿ, ಪೂರ್ವನಿದರ್ಶನ ಹುಡುಕಿ, ಮೇಲಿನವರು ಮರುಪ್ರಶ್ನೆ ಕೇಳದಂತೆ ಟಿಪ್ಪಣಿ ಬರೆಯುವ ಕಸುಬಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಹುದ್ದೆ ಸರ್ಕಾರದ್ದು, ಪ್ರಭಾರ ಪಟ್ಟಿಗೆ ಸಹಿ ಹಾಕಿ ಒಪ್ಪಿಸಲೇಬೇಕು. ಕಸುಬು ಮಾತ್ರ ನನ್ನದು ಎಂದು ಆಗಲೇ ಬೇರ್ಪಡಿಸಿಕೊಂಡೆ. ಕೊನೆಯ ವರ್ಷ ತೊಡಕಿನ ಕಡತಗಳ ಮೊದಲ ಕರಡನ್ನು ಕಿರಿಯರಿಂದಲೇ ಬರೆಸಿದೆ. ‘ಸಾರ್, ನೀವೇ ಬರೆದುಬಿಡಿ, ಬೇಗ ಆಗುತ್ತೆ’ ಎಂದರೂ ಪಕ್ಕದಲ್ಲಿ ಕೂತು ತಿದ್ದಿದೆನೇ ಹೊರತು ಬರೆದುಕೊಡಲಿಲ್ಲ. ಅಧೀನ ಕಾರ್ಯದರ್ಶಿಗಳು ನನ್ನನ್ನು ಬಿಟ್ಟು ನೇರವಾಗಿ ಅವರನ್ನೇ ಕೇಳತೊಡಗಿದಾಗ ಒಳಗೊಳಗೇ ಚುರುಕ್ಕೆಂದದ್ದು ನಿಜ. ಅದು ಸಂಬಳ ಕಡಿಮೆಯಾಗುವ ಚಿಂತೆಗಿಂತ ಹೆಚ್ಚು ಕಾಡಿತು. ಮನೆಯ ಗೇಟಿನ ಫಲಕದಿಂದ ಹುದ್ದೆಯ ಹೆಸರನ್ನೂ ತೆಗೆಸಿದೆ. ‘ಇನ್ನು ಕೊರಿಯರ್‌ನವನಿಗೆ ಮನೆ ಸಿಗುತ್ತೇನ್ರೀ?’ ಎಂದು ನನ್ನಾಕೆ ನಕ್ಕಳು.

ಈಗ ಬಡಾವಣೆಯಲ್ಲಿ ನೌಕರರು ತೀರಿಕೊಂಡ ಮನೆಗಳವರಿಗೆ 2002ರ ಕುಟುಂಬ ಪಿಂಚಣಿ ನಿಯಮಗಳನ್ನು ಓದಿ ಹೇಳಿ, ಅರ್ಜಿಗೆ ಬೇಕಾದ ದಾಖಲೆಗಳನ್ನು ಜೋಡಿಸಿಕೊಡುತ್ತೇನೆ. ಹಳೆಯ ಪರಿಚಯದ ಅಧಿಕಾರಿಗಳಿಗೆ ಫೋನ್ ಮಾಡಿಕೊಡಿ ಎಂದು ಕೆಲವರು ಕೇಳುವುದುಂಟು. ಅದನ್ನು ಮಾಡುವುದಿಲ್ಲ, ಮಾಡಿದರೆ ಒಪ್ಪಿಸಿಬಂದ ಹುದ್ದೆಯನ್ನೇ ಮತ್ತೆ ಬಳಸಿದಂತಾಗುತ್ತದೆ. ಅರ್ಜಿ ಸರಿಯಾಗಿದ್ದರೆ ಅದರ ಅಗತ್ಯವೂ ಅಷ್ಟಾಗಿ ಬೀಳುವುದಿಲ್ಲ.