ಎಣ್ಣೆಯ ವಾರ, ನೀರಿನ ವಾರ: ನನ್ನ ಅನುಭವ

ನಮ್ಮ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಮನೆಗಳಲ್ಲಿ ಮೂರು ಬಗೆಯ ಗುರುತುಗಳಿರುತ್ತವೆ. ಹಾಲಿನ ಲೆಕ್ಕಕ್ಕೆ ಅಂಕಿ, ನಲ್ಲಿಗೆ ಹೊಳೆಯ ನೀರು ಬಂದ ದಿನಕ್ಕೆ ಒಂದು ಸುತ್ತು, ನಾನು ತಲೆಗೆ ಎಣ್ಣೆ ಹಚ್ಚಿಕೊಂಡ ದಿನಕ್ಕೆ ‘ಎ’ ಎಂಬ ಅಕ್ಷರ. ತಲೆಗೆ ಎಷ್ಟು ದಿನಕ್ಕೊಮ್ಮೆ ಎಣ್ಣೆ ಹಚ್ಚಬೇಕು ಎಂದು ಕೇಳಿದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಹೇಳತೊಡಗಿದ್ದರಿಂದ ಈ ಮೂರನೆಯ ಗುರುತು ಹುಟ್ಟಿಕೊಂಡಿತು. ದಿನಾಲು ಹಚ್ಚಿಕೊಳ್ಳಬೇಕೆಂದು ಅವ್ವ ಹೇಳುತ್ತಿದ್ದಳು, ವಾರಕ್ಕೆ ಮೂರು ಸಲ ಎಂದು ಗೆಳತಿಯರು, ಪೂರ್ತಿ ಬಿಟ್ಟುಬಿಡಬೇಕೆಂದು ನಾನು ಕೆಲಸ ಮಾಡುವ ಗ್ರಂಥಾಲಯಕ್ಕೆ ಬರುವ ಹುಡುಗಿಯರು. ಸೊಂಟದವರೆಗೆ ಕೂದಲಿರುವ ನಾನು ಈ ಮೂರನ್ನೂ ಬೇರೆಬೇರೆ ಕಾಲದಲ್ಲಿ ಮಾಡಿ ನೋಡಿದ್ದೇನೆ. ಮೂರರಲ್ಲಿಯೂ ಏನಾದರೊಂದು ಕೆಟ್ಟಿದೆ.

ನನ್ನ ತವರು ನವಲಗುಂದ ತಾಲ್ಲೂಕಿನ ಎರೆಮಣ್ಣಿನ ಊರು. ಕುಸುಬಿ, ಕಡಲೆ, ಜೋಳ ಬೆಳೆಯುವ ಆ ನೆಲದಲ್ಲಿ ತೆಂಗಿನ ಮರ ಅಪರೂಪವಾದ್ದರಿಂದ ಕೊಬ್ಬರಿ ಎಣ್ಣೆ ಅಂಗಡಿಯಿಂದ ಅಳೆದು ತರುವ ವಸ್ತುವಾಗಿತ್ತು, ಕುಸುಬಿ ಎಣ್ಣೆಯಾದರೋ ನಮ್ಮದೇ ಕಾಳನ್ನು ಗಾಣಕ್ಕೆ ಕೊಟ್ಟು ಆಡಿಸಿದ್ದು. ಒಗ್ಗರಣೆಗೂ ಅದೇ, ತಲೆಗೂ ಅದೇ. ಬೆಳಿಗ್ಗೆ ಅವ್ವ ನನ್ನನ್ನು ಕಟ್ಟೆಯ ಮೇಲೆ ಮುಂದೆ ಕೂಡ್ರಿಸಿಕೊಂಡು, ಅಂಗೈ ತುಂಬ ಎಣ್ಣೆ ಸುರಿದುಕೊಂಡು ನೆತ್ತಿಗೆ ತಟ್ಟಿ, ಹಣಿಗೆಯಿಂದ ಬೈತಲೆ ತೆಗೆದು ಎರಡು ಹೆರಳು ಬಿಗಿಯುತ್ತಿದ್ದಳು. ಎಣ್ಣೆ ಹಣೆಗಿಳಿದು ಹುಬ್ಬಿನ ತನಕ ಬಂದಾಗ “ಸಾಕವ್ವಾ, ಜಗ್ಗಿ ಆತು” ಎಂದರೆ, “ಸುಮ್ನ ಕುಂದ್ರ, ತಲಿ ತಂಪ ಆಗಬೇಕು” ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಮಂಗಳವಾರ ಇಲ್ಲವೆ ಶುಕ್ರವಾರ ಎರಕೊಳ್ಳುವ ದಿನ. ಹಂಡೆಯ ಬಿಸಿನೀರು, ಸೀಗೆಕಾಯಿ ಪುಡಿ, ಜಿಡ್ಡು ಹೋಗದಿದ್ದರೆ ಮೇಲೊಂದು ಹಿಡಿ ಕಡಲೆಹಿಟ್ಟು.

ಆ ದಿನಚರಿಯನ್ನು ಈಗ ಹಳೆಯ ಕಾಲದ ಅಜ್ಞಾನವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ವಾರಕ್ಕೊಮ್ಮೆ ಮಾತ್ರ ತಲೆ ತೊಳೆದು, ಸೀಗೆಕಾಯಿಯಂಥ ಮೃದುವಾದ ತೊಳಕವನ್ನು ಬಳಸಿ, ಕೂದಲನ್ನು ದಿನವಿಡೀ ಹೆಣೆದೇ ಇಡುವ ಹುಡುಗಿಗೆ ದಿನದ ಎಣ್ಣೆ ಹೇಗೋ ಹೊಂದಿಕೊಂಡಿತ್ತು. ಕೆಟ್ಟದ್ದು ಮದುವೆಯಾಗಿ ಧಾರವಾಡಕ್ಕೆ ಬಂದು ನಿತ್ಯ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿಬರುವ ನಾನು, ಎಣ್ಣೆಯನ್ನು ಅವ್ವನ ಲೆಕ್ಕದಲ್ಲಿಯೂ ತೊಳೆಯುವುದನ್ನು ಪೇಟೆಯ ಲೆಕ್ಕದಲ್ಲಿಯೂ ಹಿಡಿದಾಗ. ಚಿಗರಿ ಬಸ್ಸು ಓಡತೊಡಗುವ ಮೊದಲು, ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದ ವರ್ಷಗಳಲ್ಲಿ, ಎಣ್ಣೆ ಹಚ್ಚಿದ ತಲೆ ಸಂಜೆಗೆ ಮನೆ ಮುಟ್ಟುವಷ್ಟರಲ್ಲಿ ಮಣ್ಣು ಮೆತ್ತಿದ ಹಾಗಾಗುತ್ತಿತ್ತು. ಬಾಚಣಿಕೆಯ ಹಲ್ಲುಗಳ ಬುಡದಲ್ಲಿ ಬೂದುಬಣ್ಣದ ಮೇಣದಂಥ ಕೊಳೆ ಕೂಡುತ್ತಿತ್ತು. ಅದನ್ನು ತೆಗೆಯಲೆಂದು ವಾರಕ್ಕೆ ಮೂರು ಸಲ ಶಾಂಪೂ, ತೊಳೆದ ಕೂದಲು ಒರಟಾಯಿತೆಂದು ಮರುದಿನ ಮತ್ತೆ ಎಣ್ಣೆ. ಹೀಗೆ ಎರಡು ವರ್ಷ ಕಳೆಯುವಷ್ಟರಲ್ಲಿ ನೆತ್ತಿಯಲ್ಲಿ ಹೊಟ್ಟು ಕಟ್ಟಿ, ಕಿವಿಯ ಹಿಂದೆ ಕೆಂಪಾಗಿ, ಉಗುರು ತಾಗಿದರೆ ಹಳದಿ ಪೊರೆ ಏಳತೊಡಗಿತು.

ತೋರಿಸಿಕೊಂಡ ಚರ್ಮವೈದ್ಯರು ಮೊದಲು ಕೇಳಿದ್ದೇ ಎಣ್ಣೆಯ ಬಗ್ಗೆ. ಹೊಟ್ಟಿನ ಹಿಂದೆ ಮಲಸೇಜಿಯ ಎಂಬ ಶಿಲೀಂಧ್ರವಿರುತ್ತದೆ, ಅದು ಎಲ್ಲರ ನೆತ್ತಿಯ ಮೇಲೂ ಇರುವಂಥದೇ, ಆದರೆ ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲಾರದ್ದರಿಂದ ನಮ್ಮ ಚರ್ಮದ ಜಿಡ್ಡನ್ನೇ ತಿಂದು ಬದುಕುತ್ತದೆ ಎಂದು ವಿವರಿಸಿದರು. ನಾನು ಹೊಟ್ಟು ಹೋಗಲೆಂದು ಒತ್ತಿ ಒತ್ತಿ ತಿಕ್ಕುತ್ತಿದ್ದ ಎಣ್ಣೆ ಅದಕ್ಕೆ ಊಟ ಬಡಿಸಿದ ಹಾಗಾಗಿತ್ತು. ಶೇಕಡಾ 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲದಂತೆ 4 ವಾರ, ಪ್ರತಿ ಸಲ 5 ನಿಮಿಷ ನೆತ್ತಿಯ ಮೇಲೆ ಬಿಟ್ಟು ತೊಳೆಯಲು ಹೇಳಿ, ಅಲ್ಲಿಯವರೆಗೆ ನೆತ್ತಿಗೆ ಎಣ್ಣೆ ಮುಟ್ಟಿಸಬಾರದೆಂದರು. ನಾಲ್ಕನೆಯ ವಾರಕ್ಕೆ ನೆತ್ತಿ ತಿಳಿಯಾಯಿತು.

ಅವರು ನೆತ್ತಿಗೆ ಎಂದದ್ದನ್ನು ನಾನು ತಲೆಗೇ ಎಂದು ತಿಳಿದುಕೊಂಡು ಎಣ್ಣೆಯನ್ನು ಪೂರ್ತಿ ಬಿಟ್ಟೆ. ಅದರಿಂದ ಹೊಸ ತಾಪತ್ರಯ ಶುರುವಾಯಿತು. ಆಗ ನಾವಿದ್ದ ಓಣಿಗೆ ಮಲಪ್ರಭೆಯ ನೀರು ಐದಾರು ದಿನಕ್ಕೊಮ್ಮೆ ಬರುತ್ತಿತ್ತು. ಸವದತ್ತಿಯ ಹತ್ತಿರದ ರೇಣುಕಾಸಾಗರದಿಂದ ಬರುವ ಆ ನೀರನ್ನು ಕುಡಿಯಲಿಕ್ಕೂ ಅಡುಗೆಗೂ ತುಂಬಿಟ್ಟುಕೊಂಡು, ಉಳಿದದ್ದಕ್ಕೆಲ್ಲ ಬೋರಿನ ಸವಳು ನೀರನ್ನೇ ಬಳಸುತ್ತಿದ್ದೆವು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ತುಂಬಿದ ಆ ನೀರಿನಲ್ಲಿ ಎಣ್ಣೆಯಿಲ್ಲದ ಕೂದಲನ್ನು ತೊಳೆದರೆ ಒಣಗಿದ ಮೇಲೆ ಜೋಳದ ಕಣಿಕೆಯ ಹಾಗೆ ಸರಸರ ಎನ್ನುತ್ತಿತ್ತು, ತುದಿಯ ಒಂದು ಗೇಣಿನಲ್ಲಿ ಗಂಟು ಬೀಳುತ್ತಿತ್ತು, ಬಿಡಿಸಲು ಹೋದರೆ ತುಂಡಾಗಿ ಕೈಗೆ ಬರುತ್ತಿತ್ತು. ಕೈಗೆ ಬಂದ ಕೂದಲನ್ನು ಒಂದು ದಿನ ಬೆಳಕಿಗೆ ಹಿಡಿದು ನೋಡಿದಾಗ ಹೆಚ್ಚಿನವುಗಳ ಬುಡದಲ್ಲಿ ಬಿಳಿಯ ಗುಂಡಿ ಇರಲಿಲ್ಲ. ಬುಡದಿಂದ ಉದುರಿದ ಕೂದಲಿಗೆ ಸಾಸಿವೆಗಿಂತ ಸಣ್ಣ ಬಿಳಿ ಗುಂಡಿ ಇರುತ್ತದೆ; ಇಲ್ಲದಿದ್ದರೆ ಅದು ನಡುವೆ ಮುರಿದ ಕೂದಲು. ಉದುರುವುದಕ್ಕೂ ಮುರಿಯುವುದಕ್ಕೂ ಇರುವ ಈ ಭೇದ ತಿಳಿದ ಮೇಲೆಯೇ ಎಣ್ಣೆಯ ಕೆಲಸವೇನೆಂಬುದು ನನಗೆ ಸ್ಪಷ್ಟವಾಯಿತು.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹಾಗಿದ್ದರೆ 60 ಸೆಂಟಿಮೀಟರ್ ಉದ್ದದ ನನ್ನ ಹೆರಳಿನ ತುದಿಗೆ 5 ವರ್ಷ ವಯಸ್ಸು. ಮಗಳನ್ನು ಒಂದನೆಯ ತರಗತಿಗೆ ಸೇರಿಸಿದ ವರ್ಷ ನೆತ್ತಿಯಿಂದ ಹೊರಟ ಕೂದಲು ಅವಳು ಆರನೆಯದಕ್ಕೆ ಬರುವಾಗ ತುದಿಯಲ್ಲಿ ನೇತಾಡುತ್ತಿತ್ತು. ಅಷ್ಟು ಬಿಸಿಲು, ನೀರು, ಬಾಚಣಿಕೆ ಕಂಡ ಆ ತುದಿಗೆ ನೆತ್ತಿಯ ಸಹಜ ಜಿಡ್ಡು ಇಳಿದು ಮುಟ್ಟುವುದಿಲ್ಲ. ನಾನಾದರೋ ಜಿಡ್ಡು ತಾನಾಗಿ ಊರುವ ನೆತ್ತಿಗೆ ಎಣ್ಣೆ ಸುರಿದು, ಏನೂ ಸಿಕ್ಕದ ತುದಿಯನ್ನು ವರ್ಷಗಟ್ಟಲೆ ಹಾಗೆಯೇ ಬಿಟ್ಟಿದ್ದೆ.

ಗ್ರಂಥಾಲಯದಲ್ಲಿ ಕೆಲಸ ಮಾಡುವುದರಿಂದ ಒಂದು ಅನುಕೂಲವಾಯಿತು. ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಅವರು 2003ರಲ್ಲಿ ಪ್ರಕಟಿಸಿದ ಸಂಶೋಧನ ಲೇಖನವೊಂದು ಕೈಗೆ ಸಿಕ್ಕಿತು. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ, ಈ ಮೂರನ್ನು ಕೂದಲಿಗೆ ಹಚ್ಚಿ ಪರೀಕ್ಷಿಸಿದಾಗ ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು, ಹೀಗಾಗಿ ಕೂದಲಿನ ಒಳಗೆ ಇಳಿಯುತ್ತದೆ ಎಂಬುದು ಅವರ ವಿವರಣೆ. ಆ ಸಂಶೋಧನೆ ನಡೆದದ್ದು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಪ್ರಯೋಗಾಲಯದಲ್ಲಿಯೇ ಎಂಬುದನ್ನೂ ಓದುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆದರೂ ನನ್ನ ಕೂದಲಿನ ಮಟ್ಟಿಗೆ ಆ ಮಾತು ನಿಜವಾಯಿತು. ಕುಸುಬಿ ಆ ಪರೀಕ್ಷೆಯಲ್ಲಿ ಇರಲಿಲ್ಲ. ಅದೂ ಸೂರ್ಯಕಾಂತಿಯಂತೆ ಲಿನೋಲಿಕ್ ಆಮ್ಲ ಹೆಚ್ಚಿರುವ ಎಣ್ಣೆಯಾದ್ದರಿಂದ ನಾನು ಈಗ ಅದನ್ನು ಒಗ್ಗರಣೆಗಷ್ಟೇ ಇಟ್ಟುಕೊಂಡಿದ್ದೇನೆ, ಅವ್ವನಿಗೆ ಇದನ್ನು ಹೇಳಿಲ್ಲ.

ಕೂದಲು ನೀರು ಕುಡಿದು ಉಬ್ಬಿ, ಒಣಗುವಾಗ ಕುಗ್ಗಿ, ಹೀಗೆ ಸಾವಿರ ಸಲ ಆಗಿ ಸವೆಯುತ್ತದೆ. ಮೊದಲೇ ಎಣ್ಣೆ ಇಳಿದಿದ್ದರೆ ಉಬ್ಬುವುದು ಕಡಿಮೆ. ಆದ್ದರಿಂದ ಎಣ್ಣೆ ಬೇಕಾದದ್ದು ತಲೆ ತೋಯಿಸುವ ಮುಂಚೆ, ಮತ್ತು ಎಷ್ಟು ಸಲ ತೊಳೆಯುತ್ತೇವೆಯೋ ಅಷ್ಟು ಸಲ. ವಾರಕ್ಕೆ ಇಷ್ಟು ಸಲ ಎಂದು ಎಣ್ಣೆಗೆ ಬೇರೆ ಲೆಕ್ಕ ಇಡುವುದನ್ನು ನಾನು ಬಿಟ್ಟದ್ದು ಇಲ್ಲಿಂದಲೇ. ತಲೆಯನ್ನು ಹೊಳೆಯ ನೀರಿನಲ್ಲಿಯೇ ತೊಳೆಯಬೇಕೆಂದು ಗೊತ್ತುಮಾಡಿಕೊಂಡಿದ್ದರಿಂದ ನನ್ನ ಎಣ್ಣೆಯ ವಾರವನ್ನು ನಲ್ಲಿಯೇ ಗೊತ್ತುಮಾಡಿತು: ನೀರು ಬಂದ ದಿನ ಸಂಜೆ ಎಣ್ಣೆ, ಒಂದೆರಡು ತಾಸು ಬಿಟ್ಟು ಸ್ನಾನ. ಐದು ಇಲ್ಲವೆ ಆರು ದಿನಕ್ಕೊಮ್ಮೆ ಬೀಳುತ್ತಿದ್ದ ಆ ಗುರುತುಗಳನ್ನು ಆರು ತಿಂಗಳು ನೋಡಿದೆ. ಬಾಚುವಾಗ ಮುರಿದು ಬರುವ ತುಂಡುಗೂದಲು ಮೂರನೆಯ ತಿಂಗಳಿಗೇ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿತ್ತು.

ಹಚ್ಚುವ ರೀತಿ ಹೀಗೆ. ವಾಟಿಯಲ್ಲಿ ಎರಡು ಚಹಾ ಚಮಚ, ಎಂದರೆ ಸುಮಾರು 10 ಮಿಲಿಲೀಟರ್ ಕೊಬ್ಬರಿ ಎಣ್ಣೆ ಹಾಕಿ, ಆ ವಾಟಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡುತ್ತೇನೆ. ಒಲೆಯ ಮೇಲೆ ನೇರವಾಗಿ ಕಾಯಿಸುವುದಿಲ್ಲ. ಕೂದಲನ್ನು ನಾಲ್ಕು ಪಾಲು ಮಾಡಿ, ಎರಡು ಅಂಗೈಗಳಲ್ಲಿ ಎಣ್ಣೆ ಸವರಿಕೊಂಡು, ತುದಿಯಿಂದ ಆರಂಭಿಸಿ ಕಿವಿಯ ಮಟ್ಟದವರೆಗೆ ಬರುತ್ತೇನೆ. ನೆತ್ತಿಗೆ ಹೋಗುವುದು ಕೊನೆಗೆ ಬೆರಳಿನಲ್ಲಿ ಉಳಿದ ಪಸೆ ಮಾತ್ರ. ಆಮೇಲೆ ಸಡಿಲವಾಗಿ ಹೆಣೆದು ಹಳೆಯ ಹತ್ತಿ ಬಟ್ಟೆ ಸುತ್ತುತ್ತೇನೆ. ತೊಳೆಯುವಾಗ ಶಾಂಪೂವನ್ನು ಒಂದು ತಂಬಿಗೆ ನೀರಿನಲ್ಲಿ ಕಲಸಿ ನೆತ್ತಿಗೆ ಎರಡು ಸಲ ಹಾಕಿದರೆ ಇಳಿದು ಬರುವ ನೊರೆಯಲ್ಲಿಯೇ ಉಳಿದ ಕೂದಲು ತೊಳೆಯುತ್ತದೆ. ರಾತ್ರಿಯಿಡೀ ಬಿಡುವುದರಿಂದ ಎರಡು ತಾಸಿಗಿಂತ ಹೆಚ್ಚಿನ ಲಾಭವೇನೂ ನನಗೆ ಕಾಣಲಿಲ್ಲ, ದಿಂಬಿನ ಚೀಲ ಒಗೆಯುವ ಕೆಲಸ ಮಾತ್ರ ಹೆಚ್ಚಿತು.

ಒಂದು ಅನಾಹುತವನ್ನು ಇಲ್ಲಿ ಹೇಳಲೇಬೇಕು. ಕೂದಲು ದಟ್ಟವಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಒಮ್ಮೆ ಬರೀ ಔಡಲೆಣ್ಣೆಯನ್ನು ಧಾರಾಳವಾಗಿ ಹಚ್ಚಿಕೊಂಡು ಮಲಗಿದೆ. ಬೆಳಿಗ್ಗೆ ಅದೇ ಸವಳು ನೀರಿನಲ್ಲಿ, ಕೂದಲನ್ನೆಲ್ಲ ನೆತ್ತಿಯ ಮೇಲೆ ಒಟ್ಟುಮಾಡಿ ತಿಕ್ಕಿ ತೊಳೆದದ್ದರಿಂದ ಹಿಂದಲೆಯಲ್ಲಿ ಹಕ್ಕಿಯ ಗೂಡಿನಂಥ ಗಂಟು ಬಿಗಿದುಕೊಂಡಿತು. ಔಡಲೆಣ್ಣೆ ಬಹಳ ಮಂದ, ಅಂಟು. ಒಬ್ಬ ಯುವತಿಯ ಉದ್ದ ಕೂದಲು ಹೀಗೆಯೇ ಬಿಡಿಸಲಾರದಂತೆ ಗಂಟಾಗಿ, ಕತ್ತರಿಸಬೇಕಾದ ಪ್ರಸಂಗವನ್ನು ವೈದ್ಯರು ದಾಖಲಿಸಿದ್ದಾರೆಂದು ನಂತರ ಓದಿದೆ. ನನ್ನ ಅತ್ತೆಯವರು ಮಧ್ಯಾಹ್ನವೆಲ್ಲ ಪಕ್ಕದಲ್ಲಿ ಕುಳಿತು, ಕೊಬ್ಬರಿ ಎಣ್ಣೆ ಬಿಟ್ಟು, ಕಟ್ಟಿಗೆಯ ಹಣಿಗೆಯಿಂದ ಎಳೆಎಳೆಯಾಗಿ ಬಿಡಿಸಿದರು. ಕೊನೆಗೆ ಹೆಬ್ಬೆರಳು ಗಾತ್ರದ ಒಂದು ಗಂಟನ್ನು ಕತ್ತರಿಸದೆ ಗತಿಯಿರಲಿಲ್ಲ. ಅಂದಿನಿಂದ ಔಡಲೆಣ್ಣೆ ಹಚ್ಚಿದರೂ ನಾಲ್ಕು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು, ಅದೂ ತುದಿಗೆ ಮಾತ್ರ.

ಋತುವಿಗೆ ತಕ್ಕಂತೆ ಲೆಕ್ಕ ಸ್ವಲ್ಪ ಸರಿಯುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕೂದಲು ಬೇಗ ಒಣಗುವುದಿಲ್ಲ, ಹಸಿ ಕೂದಲನ್ನು ಕಟ್ಟಿದರೆ ಮುಗ್ಗಲು ವಾಸನೆ. ಆಗ ಎಂಟು ದಿನಕ್ಕೊಮ್ಮೆ, ಅರ್ಧದಷ್ಟು ಎಣ್ಣೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಚಳಿಗಾಲದ ಬೆಳಗಿನಲ್ಲಿ ಸೀಸೆ ಬೋರಲು ಹಾಕಿದರೂ ಒಂದು ಹನಿ ಬೀಳುವುದಿಲ್ಲ. ಆದರೆ ಕೂದಲು ಅತಿ ಒಣಗುವುದೂ ಆಗಲೇ, ಆದ್ದರಿಂದ ಸ್ನಾನದ ಎಣ್ಣೆಯ ಜೊತೆಗೆ ನಡುವೆ ಒಂದು ದಿನ ತುದಿಗೆ ನಾಲ್ಕು ಹನಿ ಸವರುತ್ತೇನೆ. ದೀಪಾವಳಿಯ ನರಕ ಚತುರ್ದಶಿಯ ಅಭ್ಯಂಗಕ್ಕೆ ಮಾತ್ರ ಯಾವ ಲೆಕ್ಕವೂ ಇಲ್ಲ, ಅಂದು ನೆತ್ತಿ ತುಂಬ ಎಣ್ಣೆ.

ಎಣ್ಣೆಗೆ ಸಲ್ಲದ ಕೀರ್ತಿಯನ್ನು ನಾನೂ ಒಮ್ಮೆ ಕೊಟ್ಟಿದ್ದೆ. ಡೆಂಗ್ಯೂ ಜ್ವರದಿಂದ ಎದ್ದ ಎರಡೂವರೆ ತಿಂಗಳಿಗೆ ಕೂದಲು ಗೊಂಚಲು ಗೊಂಚಲಾಗಿ ಉದುರತೊಡಗಿತು, ಎಲ್ಲವೂ ಬಿಳಿ ಗುಂಡಿಯ ಸಮೇತ. ಗಾಬರಿಯಾಗಿ ವಾರಕ್ಕೆ ಮೂರು ಸಲ ಎಣ್ಣೆ ತಿಕ್ಕಿದೆ; ಮುಂದಿನ ನಾಲ್ಕೈದು ತಿಂಗಳಲ್ಲಿ ನಿಂತಾಗ ಎಣ್ಣೆಯಿಂದಲೇ ನಿಂತಿತೆಂದು ಊರಿಗೆಲ್ಲ ಹೇಳಿದೆ. ಜೋರು ಜ್ವರ ಬಂದಾಗ ಬಹಳಷ್ಟು ಕೂದಲು ಒಮ್ಮೆಗೇ ಬೆಳವಣಿಗೆ ನಿಲ್ಲಿಸಿ, ಎರಡು ಮೂರು ತಿಂಗಳ ಮೇಲೆ ಉದುರಿ, ಸಾಮಾನ್ಯವಾಗಿ ಆರು ತಿಂಗಳಿನೊಳಗೆ ತಾನಾಗಿ ಹತೋಟಿಗೆ ಬರುತ್ತದೆ ಎಂಬುದು ಆಮೇಲೆ ತಿಳಿಯಿತು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೇ. ಐದು ದಿನಕ್ಕೊಮ್ಮೆ ಎರಕೊಳ್ಳುವವರಿಗೆ ಆ ಸಡಿಲ ಕೂದಲೆಲ್ಲ ಒಂದೇ ದಿನ ಬಚ್ಚಲದ ಜಾಲರಿಯಲ್ಲಿ ಕಾಣುವುದರಿಂದ, ಎಣ್ಣೆ ಹಚ್ಚಿದ ದಿನವೇ ಹೆಚ್ಚು ಉದುರಿತೆಂಬ ಭ್ರಮೆಯೂ ಆಗುತ್ತದೆ.

ಒಂದೇ ಮನೆಯಲ್ಲಿ ಒಂದೇ ಲೆಕ್ಕ ನಡೆಯುವುದಿಲ್ಲ. ಹದಿನಾಲ್ಕರ ಮಗಳಿಗೆ ತೊಳೆದ ಮರುದಿನವೇ ನೆತ್ತಿ ಜಿಡ್ಡಾಗುತ್ತದೆ, ಹಣೆಯ ಅಂಚಿಗೆ ಎಣ್ಣೆ ತಾಗಿದರೆ ಮೊಡವೆ ಏಳುತ್ತವೆ. ಅವಳಿಗೆ ಹದಿನೈದು ದಿನಕ್ಕೊಮ್ಮೆ, ತುದಿಗೆ ಮಾತ್ರ. ಎಪ್ಪತ್ತು ದಾಟಿದ ಅತ್ತೆಯವರ ನೆತ್ತಿ ವಯಸ್ಸಿನಿಂದ ಒಣಗಿದೆ, ಹೊಟ್ಟಿನ ತೊಂದರೆಯಿಲ್ಲ, ಅವರಿಗೆ ವಾರಕ್ಕೆ ಮೂರು ದಿನ ಅರ್ಧ ಚಮಚ ಹಿತವಾಗಿ ಒಗ್ಗಿದೆ. ಗಿಡ್ಡ ಕೂದಲಿನ ಯಜಮಾನರಿಗೆ ಬೇಕೇ ಬೇಕೆಂದು ನನಗೇನೂ ಅನ್ನಿಸಿಲ್ಲ.

ಈ ತಿಂಗಳ ಹಾಳೆಯಲ್ಲಿ ನನ್ನವು ಐದು ‘ಎ’ಗಳಿವೆ, ಮಗಳವು ಹಸಿರು ಪೆನ್ನಿನಲ್ಲಿ ಎರಡು. ಅತ್ತೆಯವರ ಗುರುತು ಹಾಕುವುದನ್ನು ನಿಲ್ಲಿಸಿದ್ದೇವೆ. ಮೂರು ದಿನವೆಂದು ಒಪ್ಪಿಕೊಂಡವರು ನಾವು ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ದಿನಾಲು ಹಚ್ಚಿಕೊಳ್ಳುತ್ತಾರೆಂಬುದು ಸೀಸೆಯ ಮಟ್ಟ ನೋಡಿದರೆ ಗೊತ್ತಾಗುತ್ತದೆ.